ಮಡಿಕೆಯಲ್ಲಿ ಕಾಡು, ನೆತ್ತಿಯಲ್ಲಿ ಹುಲ್ಲು

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವಾಗ, ಕಳಸ ದಾಟಿ ಕುದುರೆಮುಖದತ್ತ ಸಾಗುವಾಗ, ಕಕ್ಕಬ್ಬೆಯಲ್ಲಿ ನಿಂತು ತಡಿಯಂಡಮೋಳ್ ಬೆಟ್ಟದ ಕಡೆ ಕಣ್ಣು ಹಾಯಿಸಿದಾಗ, ಮೊದಲ ಸಲ ಬಂದವರ ಬಾಯಲ್ಲಿ ಬರುವ ಪ್ರಶ್ನೆ ಒಂದೇ. ಗುಡ್ಡದ ಮೇಲೆ ಮರ ಯಾಕಿಲ್ಲ? ಯಾರಾದರೂ ಕಡಿದರಾ? ಎರಡು ಗುಡ್ಡ ಕೂಡುವ ಮಡಿಕೆಯಲ್ಲಿ ಕಡುಹಸಿರು ಕಾಡು ಒತ್ತಾಗಿ ತುಂಬಿಕೊಂಡಿರುತ್ತದೆ. ಒಂದು ಹಂತಕ್ಕೆ ಅದು ಥಟ್ಟನೆ ಮುಗಿಯುತ್ತದೆ. ಅಲ್ಲಿಂದ ನೆತ್ತಿಯವರೆಗೂ ಬರೀ ಹುಲ್ಲು. ಮಳೆ ಹಿಂದೆ ಸರಿದ ಹೊಸತರಲ್ಲಿ ಎಳೆಹಸಿರು, ಸಂಕ್ರಾಂತಿಯ ಹೊತ್ತಿಗೆ ಹೊಂಬಣ್ಣ.

ಎತ್ತರದ ಗುಡ್ಡಗಳಲ್ಲಿ ಇದು ಯಾರೂ ಕಡಿದದ್ದಲ್ಲ, ಆ ನೆಲದ ಹುಟ್ಟುಗುಣ. ಶೋಲಾ ಎಂದು ಕರೆಯುವ ಈ ಮಡಿಕೆಯ ಕಾಡು ಮತ್ತು ಹುಲ್ಲುಗಾವಲು ಹೀಗೆ ಒಂದನ್ನೊಂದು ಹೆಣೆದುಕೊಂಡಿರುವುದು ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳಿಂದ ಹಿಡಿದು ನಮ್ಮ ಬ್ರಹ್ಮಗಿರಿ, ಪುಷ್ಪಗಿರಿ, ಕುದುರೆಮುಖ, ಬಾಬಾಬುಡನ್ ಸಾಲಿನವರೆಗೂ ಕಾಣುತ್ತದೆ. ಅತ್ತ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೆ. ಕಾಡು ಮತ್ತು ಹುಲ್ಲಿನ ನಡುವಿನ ಆ ಅಂಚನ್ನು ಹಿಡಿದು, ಅವಸರವಿಲ್ಲದೆ ನಡೆಯುವುದೇ ಮಲೆನಾಡಿನಲ್ಲಿ ನಡೆಯಬಹುದಾದ ಅತ್ಯುತ್ತಮ ನಡಿಗೆ ಎಂದು ನಾನು ನಂಬಿದ್ದೇನೆ. ಅದಕ್ಕೆ ಡೇರೆ ಬೇಡ, ಬೆನ್ನ ಮೇಲೆ ಹತ್ತು ಕಿಲೋ ಹೊರೆ ಬೇಡ. ಅರವತ್ತು ದಾಟಿದವರೂ ಏಳೆಂಟು ವರ್ಷದ ಮಕ್ಕಳೂ ಮಧ್ಯಾಹ್ನದ ಊಟದೊಳಗೆ ಹೋಗಿ ಬರಬಹುದು. ಶಿಖರ ಮುಟ್ಟಲೇಬೇಕೆಂಬ ಹಟ ಒಂದನ್ನು ಬಿಟ್ಟರೆ ಸಾಕು.

ಈ ಹಟ ಇತ್ತೀಚಿನದು, ಮತ್ತು ಗುಡ್ಡಗಳಿಗೆ ಭಾರವಾಗಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಮಂದಿ ಸಾಲುಗಟ್ಟಿ ನಿಂತ ದೃಶ್ಯವನ್ನು ನಾಡೆಲ್ಲ ಮೊಬೈಲಿನಲ್ಲಿ ನೋಡಿತು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ಇಲ್ಲದ ಚಾರಣವನ್ನು ತಡೆಹಿಡಿದು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ತಂದಿತು. ಒಳ್ಳೆಯದೇ ಆಯಿತು. ಆದರೆ ಆ ಜನವೆಲ್ಲ ಒಂದೇ ದಾರಿಗೆ ಯಾಕೆ ಬಂದಿತು ಎಂಬುದನ್ನೂ ಕೇಳಿಕೊಳ್ಳಬೇಕು. ನಡೆಯುವುದು ಎಂದರೆ ಏರುವುದು, ಏರುವುದು ಎಂದರೆ ಹೆಸರಾದ ನಾಲ್ಕು ಶಿಖರಗಳನ್ನು ಏರುವುದು ಎಂದು ನಾವು ನಮ್ಮ ಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ. ಅದೇ ಹೊತ್ತಿಗೆ ಅದೇ ತಾಲ್ಲೂಕುಗಳ ನೂರಾರು ಕಾಲುದಾರಿಗಳಲ್ಲಿ ಊರವರ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ.

ಹುಲ್ಲು ಯಾಕೆ ಮೇಲೆ, ಕಾಡು ಯಾಕೆ ಕೆಳಗೆ

ನೆತ್ತಿಯಲ್ಲಿ ಮಣ್ಣು ತೆಳು. ಮಳೆ ಅದನ್ನು ತೊಳೆದು ಮಡಿಕೆಗೆ ಇಳಿಸುತ್ತದೆ. ಸಾವಿರಾರು ವರ್ಷ ಹೀಗೆ ಇಳಿದ ಮಣ್ಣು ಅಲ್ಲಿ ಆಳವಾಗಿ ಕೂತಿದೆ, ನೀರೂ ಅಲ್ಲಿಯೇ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ನೆತ್ತಿಯ ಮೇಲೆ ಅಡ್ಡವೆಂಬುದಿಲ್ಲ. ಬೇರು ಆಳಕ್ಕಿಳಿಯದ ಸಸಿ ಅಲ್ಲಿ ನಿಲ್ಲಲಾರದು. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಬೆಂಕಿ ಬೀಳುತ್ತದೆ. ಹುಲ್ಲಿನ ಜೀವ ಬುಡದಲ್ಲಿದೆ, ಮೊದಲ ಮಳೆಗೇ ಮತ್ತೆ ಚಿಗುರುತ್ತದೆ. ಮರದ ಸಸಿಯ ಜೀವ ತುದಿಯಲ್ಲಿದೆ, ಅದು ಸುಟ್ಟರೆ ಮುಗಿಯಿತು. ನೀಲಗಿರಿಯಂಥ ಎರಡು ಸಾವಿರ ಮೀಟರ್ ಮೀರಿದ ಕಡೆ ಇನ್ನೊಂದು ಕಾರಣವೂ ಸೇರುತ್ತದೆ. ಚಳಿಗಾಲದ ರಾತ್ರಿ ಬಯಲಿನ ಇಬ್ಬನಿ ಹೆಪ್ಪುಗಟ್ಟುತ್ತದೆ. ಉಷ್ಣವಲಯದ ಮರದ ಸಸಿಗೆ ಅದು ಸಾವು. ಕಾಡಿನ ಚಪ್ಪರದ ಕೆಳಗೆ ಹೆಪ್ಪು ಬೀಳುವುದಿಲ್ಲ, ಹಾಗಾಗಿ ಸಸಿ ಕಾಡಿನೊಳಗೇ ಹುಟ್ಟಿ ಕಾಡಿನೊಳಗೇ ಬೆಳೆಯುತ್ತದೆ, ಹೊರಗೆ ಕಾಲಿಡಲಾರದು.

ಇವುಗಳಲ್ಲಿ ಯಾವುದು ಹಿರಿಯ ಕಾರಣ ಎಂಬ ವಾದ ಹಳೆಯದು. 1938ರಲ್ಲಿ ಅರಣ್ಯಾಧಿಕಾರಿ ಸಿ.ಆರ್. ರಂಗನಾಥನ್ ನೀಲಗಿರಿಯ ಹುಲ್ಲುಗಾವಲಿಗೆ ಹೆಪ್ಪುಗಟ್ಟುವ ಚಳಿಯೇ ಕಾರಣ, ಅದು ಪ್ರಕೃತಿಯದೇ ಸೃಷ್ಟಿ ಎಂದರು. ಅದೇ ವರ್ಷ ಸಸ್ಯಶಾಸ್ತ್ರಜ್ಞ ಎನ್.ಎಲ್. ಬೋರ್, ಬೆಂಕಿ ಮತ್ತು ಮನುಷ್ಯರ ಕೈವಾಡದ ಕಡೆ ಬೊಟ್ಟು ಮಾಡಿದರು. ಐದು ದಶಕ ದಾಟಿದ ಮೇಲೆ ಉತ್ತರದ ಒಂದು ದೊಡ್ಡ ತುಂಡು ನೀಲಗಿರಿಯ ಜೌಗಿನ ಕಪ್ಪುಮಣ್ಣಿನಲ್ಲಿ ಸಿಕ್ಕಿತು. ಪೂರ್ತಿ ಕೊಳೆಯದ ಗಿಡಗಂಟಿಗಳ ಉಳಿಕೆ ಆ ಮಣ್ಣಿನಲ್ಲಿ ಪದರ ಪದರವಾಗಿ ಕೂತಿರುತ್ತದೆ. ಮರಗಳೂ ಉಷ್ಣವಲಯದ ಬಹುಪಾಲು ಹುಲ್ಲುಗಳೂ ಗಾಳಿಯಿಂದ ಇಂಗಾಲ ಹೀರುವ ಬಗೆ ಬೇರೆ, ಅದರ ಗುರುತು ಪದರದಲ್ಲಿ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆ ಗುರುತನ್ನು ಓದಿ, 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಳೆದ 20 ಸಾವಿರ ವರ್ಷಗಳಲ್ಲಿ ಮುಂಗಾರು ಬಲವಾದಾಗ ಕಾಡು ಹರಡಿದೆ, ಹವೆ ಒಣಗಿದಾಗ ಹುಲ್ಲು ಹರಡಿದೆ. ಕೊಡಲಿಗೂ ನೇಗಿಲಿಗೂ ಬಹಳ ಹಿಂದೆಯೇ ಅಲ್ಲಿ ಹುಲ್ಲು ಇತ್ತು.

ನಮ್ಮ ಕಡೆಯ ಗುಡ್ಡಗಳು ನೀಲಗಿರಿಗಿಂತ ತಗ್ಗು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಆದ್ದರಿಂದ ಇಲ್ಲಿ ಚಳಿಗಿಂತ ಗಾಳಿ, ಬೆಂಕಿ, ತೆಳುಮಣ್ಣುಗಳ ಪಾಲು ಹೆಚ್ಚು. ಕೆಳಮಟ್ಟದ ಕೆಲವು ಹುಲ್ಲುಗುಡ್ಡಗಳಲ್ಲಿ ದನ ಮೇಯಿಸಿದವರ, ಕರಡ ಕೊಯ್ದವರ, ಬೆಂಕಿ ಕೊಟ್ಟವರ ಕೈಯೂ ಇದೆ. ನಡೆಯುವವರಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಕಣ್ಣಿಗೆ ಕೆಲಸ ಸಿಗುತ್ತದೆ. ಕಾಡಿನ ಅಂಚಿನಲ್ಲಿ ಎಳೆಯ ಮರಗಳು ಹುಲ್ಲಿನೊಳಕ್ಕೆ ಹೆಜ್ಜೆ ಇಡುತ್ತಿವೆಯೇ? ಹಾಗಿದ್ದರೆ ಅಲ್ಲಿ ಬಹುಕಾಲ ಬೆಂಕಿ ಬಿದ್ದಿಲ್ಲ. ಅಂಚು ಕತ್ತರಿಸಿದಷ್ಟು ಸ್ಪಷ್ಟವಾಗಿದೆಯೇ? ಬುಡದಲ್ಲಿ ಕರಕಲು ಹುಡುಕಿ, ಸಾಮಾನ್ಯವಾಗಿ ಸಿಗುತ್ತದೆ.

ಹುಲ್ಲುಗುಡ್ಡವನ್ನು ನಾವು ಬಹಳ ಕಾಲ ಕೀಳಾಗಿ ಕಂಡೆವು. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ಹುಟ್ಟುವಳಿ ಇಲ್ಲದ ನೆಲವೆಲ್ಲ ಪಾಳು. ಸ್ವಾತಂತ್ರ್ಯದ ನಂತರವೂ ಆ ನೋಟ ಬದಲಾಗಲಿಲ್ಲ. ‘ಬೋಳುಗುಡ್ಡ’ಗಳಿಗೆ ಹಸಿರು ಹೊದಿಸುವ ಹೆಸರಿನಲ್ಲಿ ನೀಲಗಿರಿ ಮರ, ಅಕೇಶಿಯಾ, ಸಿಲ್ವರ್ ಓಕ್ ನೆಟ್ಟೆವು. ಅದರ ಬೆಲೆ ಎಷ್ಟು ಎಂಬುದಕ್ಕೆ ಉದಕಮಂಡಲದ ಬಳಿಯ ಗ್ಲೆನ್‌ಮಾರ್ಗನ್‌ನಲ್ಲಿ ನಡೆದ ದೀರ್ಘಕಾಲದ ಅಳತೆ ಸಾಕ್ಷಿ. ಹುಲ್ಲಿನ ಜಲಾನಯನವೊಂದಕ್ಕೆ ನೀಲಗಿರಿ ಮರ ನೆಟ್ಟು, ಪಕ್ಕದ ಹುಲ್ಲಿನ ಜಲಾನಯನದ ಜತೆ ಹೋಲಿಸಿದರು. ಮೊದಲ ಸುತ್ತಿನ ನೆಡುತೋಪು ಬೆಳೆದ ಹತ್ತು ವರ್ಷಗಳಲ್ಲಿ ಹೊಳೆಗೆ ಬರುವ ನೀರು ಶೇ 16ರಷ್ಟು ಇಳಿಯಿತು. ಬೋಳು ಎಂದು ಕರೆದ ಗುಡ್ಡವೇ ನೀರು ಕೊಡುತ್ತಿತ್ತು. ತುಂಗಾ, ಭದ್ರಾ ಹುಟ್ಟುವ ಗಂಗಾಮೂಲ, ನೇತ್ರಾವತಿಯ ಮೊದಲ ಹಳ್ಳಗಳು, ಎಲ್ಲವೂ ಇಂಥ ಹುಲ್ಲು ಮತ್ತು ಕಾಡಿನ ಜೋಡಿಯಿಂದಲೇ ಹೊರಟವು. ತುಂಗಭದ್ರಾ ಅಣೆಕಟ್ಟಿನ ನೀರು ಉಣ್ಣುವ ಕೊಪ್ಪಳ, ರಾಯಚೂರಿನ ಗದ್ದೆಗಳಿಗೂ ಈ ಗುಡ್ಡಗಳಿಗೂ ಸಂಬಂಧವಿದೆ.

ಅಂಚು ದಾಟುವ ಹೊತ್ತು

ಕುದುರೆಮುಖದ ಕುರಿಂಜಾಲು ದಾರಿಯನ್ನೇ ತೆಗೆದುಕೊಳ್ಳಿ. ಕಳಸದಿಂದ ಕಾರ್ಕಳದ ಕಡೆ ಹೋಗುವ ರಸ್ತೆಯಲ್ಲಿ, ಭಗವತಿ ಪ್ರಕೃತಿ ಶಿಬಿರದ ಬಳಿ ಶುರುವಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ, ಜತೆಗೊಬ್ಬ ಮಾರ್ಗದರ್ಶಿ ಕಡ್ಡಾಯ. ಹಳೆಯ ಜೀಪುದಾರಿಯಾದ್ದರಿಂದ ಅಗಲವಾಗಿದೆ, ಏರು ನಿಧಾನ. ಮೊದಲ ಪಾಲು ಪೂರ್ತಿ ಕಾಡಿನೊಳಗೆ.

ಒಳಗೆ ಹೊಕ್ಕ ಹತ್ತು ಹೆಜ್ಜೆಗೇ ಮೈಗೆ ತಂಪು ತಾಗುತ್ತದೆ. ಮರಗಳು ಮುಗಿಲಿಗೆ ನೆಟ್ಟಗೆ ಹೋದವಲ್ಲ. ಗಾಳಿಗೆ ಬಾಗಿ, ಗಂಟುಗಂಟಾಗಿ, ಕೊಂಬೆ ಕೊಂಬೆಗೂ ಹಾವಸೆ ಹೊದ್ದು ನಿಂತವು. ನೇರಳೆಯ ಬಳಗ, ದಾಲ್ಚಿನ್ನಿಯ ಕಾಡುಬಂಧುಗಳು. ಕವಲುಗಳಲ್ಲಿ ಸೀತಾಳೆ, ಜರೀಗಿಡ. ತೊಗಟೆಯ ಮೇಲಿನ ಬೂದುಬಿಳಿ ಕಲ್ಲುಹೂವುಗಳನ್ನು ನಿಂತು ನೋಡಿ. ಹೊಗೆ, ದೂಳು ಇದ್ದ ಕಡೆ ಅವುಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ. ಅಲ್ಲಿಯ ಗಾಳಿ ಎಂಥದು ಎಂದು ತಿಳಿಯಲು ಬೇರೆ ಯಂತ್ರ ಬೇಕಾಗಿಲ್ಲ. ಹಳ್ಳದ ಬದಿಯಲ್ಲಿ ನೀಲಿಗಪ್ಪು ಹಕ್ಕಿಯೊಂದು ಮನುಷ್ಯರೇ ಸಿಳ್ಳೆ ಹಾಕುತ್ತಿದ್ದಾರೆ ಎನ್ನಿಸುವಷ್ಟು ಸ್ಪಷ್ಟವಾಗಿ ಹಾಡುತ್ತದೆ. ಅದು ಮಲಬಾರ್ ಸಿಳ್ಳಾರ. ಅದರ ದನಿ ಸುಲಭವಾಗಿ ಕೇಳಬಹುದು, ಹಕ್ಕಿಯನ್ನು ಕಾಣಲು ತಾಳ್ಮೆ ಬೇಕು.

ಇಲ್ಲಿ ಒಮ್ಮೆ ಬಗ್ಗಿ ನೆಲ ಕೆದಕಿ ನೋಡುವುದು ಒಳ್ಳೆಯದು. ಮೇಲೆ ಈ ವರ್ಷದ ಒಣಗಿದ ಎಲೆ, ಅದರ ಕೆಳಗೆ ಹೋದ ವರ್ಷದ್ದು ಅರ್ಧ ಕೊಳೆತದ್ದು, ಅದರ ಕೆಳಗೆ ಕಪ್ಪಗೆ ಪುಡಿಯಾದ ಗೊಬ್ಬರ, ಆಮೇಲೆ ಮಣ್ಣು. ಮಳೆಯಲ್ಲಿ ನೆನೆದ ಕಂಬಳಿಕೊಪ್ಪೆಯನ್ನು ಜಗುಲಿಯ ಗಳಕ್ಕೆ ನೇತುಹಾಕಿದರೆ ಮಳೆ ನಿಂತ ಎಷ್ಟೋ ಹೊತ್ತಿನ ನಂತರವೂ ಅದರಿಂದ ನೀರು ತೊಟ್ಟಿಕ್ಕುತ್ತಿರುತ್ತದಲ್ಲ, ಶೋಲಾ ನೆಲ ಮಾಡುವುದೂ ಅದನ್ನೇ. ನಾಲ್ಕು ತಿಂಗಳು ಕುಡಿದದ್ದನ್ನು ಎಂಟು ತಿಂಗಳು ಬಿಡುತ್ತದೆ. ಏಪ್ರಿಲ್‌ನಲ್ಲಿ ಮೇಲಿನ ಹುಲ್ಲೆಲ್ಲ ಒಣಗಿ ನಿಂತಾಗಲೂ ಮಡಿಕೆಯ ಹಳ್ಳ ಹರಿಯುವುದು ಇದರಿಂದಲೇ.

ಆಮೇಲೆ ಅಂಚು ಬರುತ್ತದೆ. ಕಾಡಿನಿಂದ ಹುಲ್ಲಿಗೆ ಕಾಲಿಡುವ ಆ ಎರಡು ಮೂರು ಹೆಜ್ಜೆಗಳಲ್ಲಿ ಎಲ್ಲವೂ ಬದಲಾಗುತ್ತದೆ. ಬೆಳಕು ಕಣ್ಣು ಕುಕ್ಕುತ್ತದೆ, ಗಾಳಿ ಕಿವಿಗೆ ಬಡಿಯುತ್ತದೆ, ಎಲೆ ಕೊಳೆತ ಘಮದ ಜಾಗದಲ್ಲಿ ಬಿಸಿಲು ಬಿದ್ದ ಹುಲ್ಲಿನ ಘಮ. ಇಲ್ಲಿ ಹತ್ತು ನಿಮಿಷ ಕೂರಬೇಕು. ಕಾಟಿಗಳು ಮೇಯಲು ಹುಲ್ಲಿಗೆ ಬರುವುದು, ಬಿಸಿಲೇರಿದಾಗ ನೆರಳಿಗೆ ಮರಳುವುದು ಈ ಅಂಚಿನಲ್ಲಿಯೇ. ದೂರದ ಇಳಿಜಾರಿನಲ್ಲಿ ಕಪ್ಪು ಬಂಡೆ ಎಂದುಕೊಂಡದ್ದು ಮೆಲ್ಲಗೆ ಸರಿದರೆ ಅದು ಕಾಟಿ. ಎದ್ದು ಹತ್ತಿರ ಹೋಗಬೇಡಿ, ಮಾರ್ಗದರ್ಶಿ ಹೇಳಿದ ಹಾಗೆ ಕೇಳಿ. ಮಳೆ ತಗ್ಗುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಾಲಬುಡದಲ್ಲೇ ಒಂದು ಲೋಕವಿರುತ್ತದೆ. ಗುಲಾಬಿ, ನೇರಳೆ ಬಣ್ಣದ ಕರ್ಣಕುಂಡಲಗಳು. ನೀರು ಒಸರುವ ಬಂಡೆಯ ಮೇಲೆ, ಅಂಟುಹನಿ ಹೊತ್ತ ಕೆಂಪು ರೋಮಗಳಿಂದ ಹುಳ ಹಿಡಿದು ತಿನ್ನುವ ಪುಟ್ಟ ಡ್ರೊಸೆರಾ. ತೆಳುಮಣ್ಣಿನಲ್ಲಿ ಸಿಗದ ಸಾರಜನಕವನ್ನು ಆ ಗಿಡ ಹುಳದಿಂದ ಪಡೆಯುತ್ತದೆ. ನಿಂತು ನೋಡದವರು ಅದನ್ನು ತುಳಿದೇ ಹೋಗುತ್ತಾರೆ, ಯಾಕೆಂದರೆ ಅದು ಒಂದು ರೂಪಾಯಿ ನಾಣ್ಯದಷ್ಟು ಅಗಲವೂ ಇರುವುದಿಲ್ಲ.

ಈ ಗುಡ್ಡಗಳೇ ಅದಿರಿನ ಗುಡ್ಡಗಳೂ ಹೌದು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿಗಾರಿಕೆ, ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾದದ್ದರ ಹಿಂದೆ, ಸಿಂಗಳೀಕಗಳನ್ನು ಹುಡುಕಿ ಈ ಕಾಡುಗಳಲ್ಲಿ ಉಲ್ಲಾಸ ಕಾರಂತರು ನಡೆಸಿದ ಸಮೀಕ್ಷೆಯ ಪಾತ್ರ ದೊಡ್ಡದು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಗೆ ಸೇರಿಸಿದಾಗ ಅದರಲ್ಲಿ ಕರ್ನಾಟಕದ ಹತ್ತು ಇದ್ದವು, ಕುದುರೆಮುಖವೂ ಒಂದು.

ಸುಲಭ ಎಂದರೆ ಎಷ್ಟು

ಪಶ್ಚಿಮ ಘಟ್ಟದ ಪಡುವಣ ಮುಖ ಕಡಿದು, ಮೂಡಣ ಬೆನ್ನು ಇಳಿಜಾರು. ಕರಾವಳಿಯಿಂದ ಹೊರಟರೆ ಸಮುದ್ರಮಟ್ಟದಿಂದಲೇ ಏರಬೇಕು; ಮೂಡಣದಿಂದ ಬಂದರೆ ಊರೇ ಎಂಟುನೂರು, ಸಾವಿರ ಮೀಟರ್ ಎತ್ತರದಲ್ಲಿರುತ್ತದೆ, ಗುಡ್ಡ ಏರಲು ಉಳಿಯುವುದು ಸ್ವಲ್ಪವೇ. ಸುಲಭದ ನಡಿಗೆ ಬೇಕಾದವರಿಗೆ ಇದು ಮೊದಲ ಸೂತ್ರ. ಎರಡನೆಯದು 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಹೇಳಿದ ಲೆಕ್ಕ. ಐದು ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಆರು ಕಿಲೋಮೀಟರ್ ದಾರಿಯಲ್ಲಿ 300 ಮೀಟರ್ ಏರು ಇದ್ದರೆ ಸುಮಾರು ಒಂದೂ ಮುಕ್ಕಾಲು ಗಂಟೆ. ಕುಕ್ಕೆಯಿಂದ ಕುಮಾರಪರ್ವತಕ್ಕೆ ಸುಮಾರು ಹದಿಮೂರು ಕಿಲೋಮೀಟರ್, ಏರು 1,500 ಮೀಟರಿಗೂ ಹೆಚ್ಚು. ಏರಲಿಕ್ಕೇ ಐದು ಗಂಟೆ ದಾಟುತ್ತದೆ. ಮಕ್ಕಳು, ಹಿರಿಯರು ಜತೆಗಿದ್ದರೆ, ಹಕ್ಕಿ ನೋಡುವ ಚಟವಿದ್ದರೆ ಬಂದ ಉತ್ತರಕ್ಕೆ ಅರ್ಧದಷ್ಟು ಸೇರಿಸಿ. ಮನೆಯವರೆಲ್ಲ ಸೇರಿ ಹೋಗುವ ನಡಿಗೆಗೆ ಒಟ್ಟು ಏರು 300 ಮೀಟರ್ ಮೀರದಿದ್ದರೆ ಸಾಕು, ಯಾರೂ ಮಂಡಿ ಹಿಡಿದು ಕೂರುವುದಿಲ್ಲ.

ಈ ಅಳತೆಗೆ ಹೊಂದುವ ದಾರಿಗಳು ಬೇಕಾದಷ್ಟಿವೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಕೆಮ್ಮಣ್ಣುಗುಂಡಿಯಲ್ಲಿ ರಾಜಭವನದ ಕಡೆಯಿಂದ ಜೆಡ್ ಪಾಯಿಂಟ್‌ವರೆಗೆ ಬೆಟ್ಟದ ಸೊಂಟ ಸುತ್ತುವ ಕಿರುದಾರಿ ಇದೆ. ಒಂದು ಬದಿ ಮಡಿಕೆಯ ಕಾಡು, ಇನ್ನೊಂದು ಬದಿ ತೆರೆದ ಕಣಿವೆ, ನಡುವೆ ಶಾಂತಿ ಜಲಪಾತ. ಕಿರಿದಾದ ಕಡೆ ಮಕ್ಕಳ ಕೈ ಹಿಡಿದಿರಬೇಕು. ಕೊಡಗಿನಲ್ಲಿ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯಿಂದ ತಡಿಯಂಡಮೋಳ್ ದಾರಿ ಹೊರಡುತ್ತದೆ. ಶಿಖರದ ಕಡೆಯ ಏರು ಉಸಿರು ಕಟ್ಟಿಸುವಂಥದು; ಆದರೆ ಅದಕ್ಕೂ ಮೊದಲೇ ಹುಲ್ಲುಗಾವಲು ತೆರೆದುಕೊಳ್ಳುತ್ತದೆ, ಮಡಿಕೆಗಳ ಶೋಲಾ ಪೂರ್ತಿ ಕಾಣುತ್ತದೆ. ಅಲ್ಲಿಂದಲೇ ಹಿಂದಿರುಗಿದವರು ಏನನ್ನೂ ಕಳೆದುಕೊಂಡಿರುವುದಿಲ್ಲ. ಕುಪ್ಪಳಿಯ ಕವಿಮನೆಯಿಂದ ಕವಿಶೈಲದ ಏರು ಇನ್ನೂ ಚಿಕ್ಕದು. ಅಲ್ಲಿ ಹುಲ್ಲಿನ ನೆತ್ತಿಯಿಲ್ಲ, ಹಾಸುಬಂಡೆಯಿದೆ. ಕಣಿವೆಯ ಕಾಡು ಮಾತ್ರ ಕಣ್ಣು ಹಾಯುವವರೆಗೂ ಇದೆ.

ಉಣುಗೋಲು, ಸಂಕ, ಹೊರೆಗಲ್ಲು

ಹೆಸರಾದ ದಾರಿಗಳಿಗಿಂತ ನನಗೆ ಪ್ರೀತಿ ಹೆಚ್ಚು ಇರುವುದು ಊರಿನ ದಾರಿಗಳ ಮೇಲೆ. ತೀರ್ಥಹಳ್ಳಿ, ಕೊಪ್ಪ, ಹೊಸನಗರ, ಸಾಗರದ ಕಡೆ ಎರಡು ಮನೆಗಳ ನಡುವೆಯೇ ಅರ್ಧ ಕಿಲೋಮೀಟರ್ ಇರುತ್ತದೆ. ಮನೆಯಂಗಳದಿಂದ ಇಳಿದರೆ ಅಡಿಕೆ ತೋಟ, ತೋಟದ ತಲೆಯಲ್ಲಿ ಸೊಪ್ಪಿನ ಬೆಟ್ಟ, ಅದರಾಚೆ ಕಾನು, ಕಾನು ದಾಟಿದರೆ ಬ್ಯಾಣ, ಮತ್ತೆ ಕೆಳಗೆ ಗದ್ದೆ. ಒಂದೇ ನಡಿಗೆಯಲ್ಲಿ ಇಷ್ಟೆಲ್ಲ ಸಿಗುತ್ತದೆ. ಕಾನಿನಲ್ಲಿ ಮೆಣಸಿನ ಬಳ್ಳಿ, ವಾಟೆಹುಳಿ, ಜೇನು. ಬ್ಯಾಣದಲ್ಲಿ ಹುಲ್ಲು, ಕರಡ. ಸೊರಬದ ಕಾನುಗಳ ಬಗ್ಗೆ ಬ್ರಿಟಿಷ್ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದರು. ಕೊಡಗಿನಲ್ಲಿ ಇದೇ ಹರವು ಬೇರೆ ಹೆಸರಿನಲ್ಲಿದೆ: ಗದ್ದೆಗೆ ಹೊಂದಿಕೊಂಡ ಬಾಣೆ, ಊರಿಗೊಂದು ದೇವರಕಾಡು. ಅಂಥ ದೇವರಕಾಡುಗಳು ಅಲ್ಲಿ 1,200ಕ್ಕೂ ಹೆಚ್ಚು.

ಈ ದಾರಿಗಳು ನಡೆಯುವವರಿಗಾಗಿಯೇ ಆದವು. ಬೇಲಿ ಬಂದಲ್ಲಿ ಉಣುಗೋಲು ಇರುತ್ತದೆ. ಗಳಗಳನ್ನು ಸರಿಸಿ ದಾಟಿ, ಮತ್ತೆ ಹಾಗೆಯೇ ಮುಚ್ಚಬೇಕು. ಮುಚ್ಚದೆ ಹೋದರೆ ದನ ಗದ್ದೆಗೆ ನುಗ್ಗುತ್ತದೆ, ಒಬ್ಬರ ಒಂದು ಬೆಳೆ ಹಾಳು. ಹಳ್ಳ ಬಂದಲ್ಲಿ ಸಂಕ. ಘಟ್ಟದ ಹಳೆಯ ದಾರಿಗಳಲ್ಲಿ ಎದೆಮಟ್ಟದ ಹೊರೆಗಲ್ಲುಗಳು ಸಿಗುತ್ತವೆ. ತಲೆಹೊರೆಯನ್ನು ಯಾರ ನೆರವೂ ಇಲ್ಲದೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ಹೊತ್ತುಕೊಳ್ಳಲು ನಿಲ್ಲಿಸಿದವು. ಕೆಳಗಿನಿಂದ ಉಪ್ಪು, ಮೇಲಿನಿಂದ ಅಡಿಕೆ, ಮೆಣಸು, ಅಕ್ಕಿ ಹೇರೆತ್ತುಗಳ ಬೆನ್ನ ಮೇಲೂ ಮನುಷ್ಯರ ತಲೆಯ ಮೇಲೂ ಹೋದದ್ದು ಇಂಥ ದಾರಿಗಳಲ್ಲಿ.

ಸಂಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಡಿಕೆ ಮರದ ದಬ್ಬೆ ಹಾಸಿ, ಬಳ್ಳಿಯಲ್ಲಿ ಕಟ್ಟಿದ ಸಂಕದ ಮೇಲೆ ನಿಂತು ಪಟ ತೆಗೆಸಿಕೊಳ್ಳುವುದು ಬೇಸಿಗೆಯ ಸಂತೋಷ. ಮಳೆಗಾಲದಲ್ಲಿ ಅದೇ ಸಂಕ ಜಾರುತ್ತದೆ, ಕೆಳಗೆ ಕೆಂಪುನೀರು ಮೊರೆಯುತ್ತಿರುತ್ತದೆ, ಮತ್ತು ಶಾಲೆಗೆ ಹೋಗುವ ಮಗು ಅದನ್ನು ದಿನಕ್ಕೆ ಎರಡು ಸಲ ದಾಟಬೇಕು. ಮಲೆನಾಡು, ಕರಾವಳಿಯಲ್ಲಿ ಹೀಗೆ ದಾಟುವಾಗ ಮಕ್ಕಳು ತೀರಿಕೊಂಡಿದ್ದಾರೆ. ಸರ್ಕಾರ ‘ಶಾಲಾ ಸಂಪರ್ಕ ಸೇತು’ ಯೋಜನೆ ತಂದದ್ದು ಅದಕ್ಕೇ. ಸಂಕದ ಜಾಗದಲ್ಲಿ ಕಾಂಕ್ರೀಟಿನ ಕಾಲುಸೇತುವೆ ಬಂದಿದ್ದರೆ ಹಳೆಯ ಚೆಲುವು ಹೋಯಿತೆಂದು ಮರುಗಬೇಡಿ. ಅದು ಬರಬೇಕಾಗಿತ್ತು.

ಎದುರಿಗೆ ಸಿಕ್ಕವರು “ಎಲ್ಲಿಗೆ ಹೊರಟ್ರಿ?” ಎಂದು ಕೇಳುತ್ತಾರೆ. ಅದು ತಡೆಯುವ ಪ್ರಶ್ನೆಯಲ್ಲ. ಅಪರಿಚಿತರು ಕಾಡಿನ ಕಡೆ ಹೋದದ್ದು ಊರಲ್ಲಿ ಒಬ್ಬರಿಗಾದರೂ ಗೊತ್ತಿರಲಿ ಎಂಬ ಕಾಳಜಿ. ನಿಂತು, ಯಾವ ಊರು, ಎಲ್ಲಿಗೆ, ಯಾವಾಗ ವಾಪಸು ಎಂದು ಸರಿಯಾಗಿ ಹೇಳಿ. ಉತ್ತರವಾಗಿ “ಆ ಕಡೆ ಬ್ಯಾಡ ಮಾರಾಯ್ರೆ, ನಿನ್ನೆಯಿಂದ ಆನೆ ಉಂಟು” ಎಂದು ಬಂದರೆ, ಆ ಒಂದು ಮಾತು ಮೊಬೈಲಿನ ಯಾವ ನಕ್ಷೆಗಿಂತಲೂ ಬೆಲೆಬಾಳುತ್ತದೆ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಲ್ಲಿ ಆನೆಗಳು ಹಗಲು ಕಳೆಯುತ್ತವೆ. ಅರಣ್ಯ ಇಲಾಖೆ ಎಸ್‌ಎಂಎಸ್, ಬೆಳಕಿನ ಫಲಕಗಳ ಮೂಲಕ ಎಚ್ಚರಿಸುತ್ತದೆ. ಅಲ್ಲಿ ಬೆಳಗಿನ ಮಂಜು ಕರಗುವ ಮೊದಲು, ಸಂಜೆ ಕತ್ತಲಿಳಿಯುವ ಹೊತ್ತಿಗೆ ನಡೆಯಬಾರದು.

ಜೂನ್‌ನಿಂದ ಅಕ್ಟೋಬರ್‌ವರೆಗೆ ಉಂಬಳ. ಹೊಗೆಸೊಪ್ಪು ನೆನೆಸಿದ ನೀರು ಅಥವಾ ಬೇವಿನ ಎಣ್ಣೆ ಕಾಲಿಗೆ ಸವರಿದರೆ, ಹತ್ತಿದ್ದಕ್ಕೆ ಉಪ್ಪೋ ಸುಣ್ಣವೋ ಮುಟ್ಟಿಸಿದರೆ ಸಾಕು. ಕಚ್ಚಿದರೂ ರಕ್ತ ಸ್ವಲ್ಪ ಹೊತ್ತು ಸೋರಿ ನಿಲ್ಲುತ್ತದೆ, ರೋಗ ತರುವುದಿಲ್ಲ. ಹೆದರಬೇಕಾದದ್ದು ಉಂಬಳ ಹೋದ ಮೇಲೆ ಬರುವ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇವುಗಳಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ನಡುವೆ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದಲ್ಲಿ ಕಾಡು ಹೊಗುವ ಮೊದಲು ಆಶಾ ಕಾರ್ಯಕರ್ತೆಯರನ್ನೋ ಹತ್ತಿರದ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಸರ್ಕಾರ ಕೊಡುವ ಡೇಪಾ ತೈಲ ಅಲ್ಲಿ ಸಿಗುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ವಾಪಸು ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಫೆಬ್ರವರಿಯಿಂದ ಹುಲ್ಲು ಒಣಗಿ ಕಾಳ್ಗಿಚ್ಚಿನ ದಿನಗಳು ಶುರುವಾಗುತ್ತವೆ, ಅರಣ್ಯದ ದಾರಿಗಳನ್ನು ಇಲಾಖೆ ಮುಚ್ಚುತ್ತದೆ. ಆಗ ಊರಿನ ದಾರಿಗಳಲ್ಲೂ ಬೀಡಿ, ಬೆಂಕಿಕಡ್ಡಿ ಹೊರಗೆ ಬರಬಾರದು.

ನಕಾಶೆ ಕಂಡ ದಾರಿ

ಇಂಗ್ಲೆಂಡಿನ ಪೀಕ್ ಪ್ರದೇಶದಲ್ಲಿ 1932ರ ಏಪ್ರಿಲ್ 24ರಂದು ನೂರಾರು ಕಾರ್ಮಿಕ ಯುವಕರು ಜಮೀನುದಾರರ ತಡೆ ಮೀರಿ ಕಿಂಡರ್ ಸ್ಕೌಟ್ ಗುಡ್ಡ ಹತ್ತಿದರು, ಕೆಲವರು ಜೈಲಿಗೂ ಹೋದರು. 1949ರ ಕಾಯ್ದೆ ಅಲ್ಲಿಯ ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸುವುದನ್ನು ಸ್ಥಳೀಯ ಆಡಳಿತದ ಕರ್ತವ್ಯವಾಗಿಸಿತು. 2000ದ ಕಾಯ್ದೆ ತೆರೆದ ಗುಡ್ಡಗಳಲ್ಲಿ ನಡೆಯುವ ಹಕ್ಕು ಕೊಟ್ಟಿತು. ಇಂದು ಹೊಲದ ನಡುವೆ ಹೋಗುವ ಕಾಲುದಾರಿಯನ್ನೂ ಅಲ್ಲಿ ಯಾರೂ ಮುಚ್ಚುವಂತಿಲ್ಲ.

ನಮ್ಮಲ್ಲಿ ನಕ್ಷೆ ಈಗಾಗಲೇ ಇದೆ. ಪ್ರತಿ ಕಂದಾಯ ಗ್ರಾಮದ ನಕಾಶೆಯಲ್ಲೂ ಕಾಲುದಾರಿ, ಬಂಡಿದಾರಿಗಳನ್ನು ಸರ್ವೆಯವರು ಗುರುತಿಸಿದ್ದಾರೆ. ತಾಲ್ಲೂಕು ಕಚೇರಿಯ ಭಾಷೆಯಲ್ಲಿ ಅವು ‘ನಕಾಶೆ ಕಂಡ ದಾರಿ’. ಅವನ್ನು ಒತ್ತುವರಿ ಮಾಡಿದರೆ ತೆರವು ಮಾಡಿಸುವ ಅಧಿಕಾರ ತಹಶೀಲ್ದಾರರಿಗಿದೆ. ರೈತರು ಗದ್ದೆಗೆ ಹೋಗುವ ದಾರಿಗಾಗಿ ಈ ಅಧಿಕಾರವನ್ನು ಆಗಾಗ ನೆನಪಿಸುತ್ತಾರೆ. ನಡೆಯುವವರು ಯಾರೂ ಅದರ ಬಗ್ಗೆ ಯೋಚಿಸಿದ್ದೇ ಇಲ್ಲ. ಮಲೆನಾಡಿನಲ್ಲಿ ಈ ದಾರಿಗಳು ವರ್ಷದಿಂದ ವರ್ಷಕ್ಕೆ ಕರಗುತ್ತಿವೆ. ಮನೆಮನೆಗೂ ಬೈಕ್ ಬಂತು, ಯುವಕರು ಬೆಂಗಳೂರು ಸೇರಿದರು, ತುಳಿಯದ ದಾರಿಯನ್ನು ಲಂಟಾನ ನುಂಗಿತು, ತೋಟದ ಬೇಲಿ ಇನ್ನೊಂದು ಮಾರು ಮುಂದೆ ಬಂತು. ಇನ್ನೊಂದೆಡೆ ನೋಟದ ತಾಣವೆಂದು ಹುಲ್ಲುಗುಡ್ಡದ ಮೈಯನ್ನು ಜೆಸಿಬಿಯಿಂದ ನೆಟ್ಟಗೆ ಕಡಿದು ರಸ್ತೆ ಮಾಡುತ್ತಿದ್ದೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೂ ಕಡಿದಾದ ದರೆಗಳ ಕೆಲಸ ನಿಂತಿಲ್ಲ. ಗುಡ್ಡಕ್ಕೆ ಹೊಸ ರಸ್ತೆ ಬೇಕಿಲ್ಲ. ಎರಡಡಿ ಅಗಲದ ಹಳೆಯ ದಾರಿಯನ್ನು ವರ್ಷಕ್ಕೊಮ್ಮೆ, ದಸರೆ ಕಳೆದ ಮೇಲೆ, ಕತ್ತಿ ಹಿಡಿದು ಸವರಿದರೆ ಸಾಕು. ಒಂದು ಗ್ರಾಮ ಪಂಚಾಯಿತಿ ಅಂಥ ಒಂದು ದಾರಿಯನ್ನು ಆರಿಸಿಕೊಂಡರೂ ಊರಿನ ಮಕ್ಕಳಿಗೆ, ಹಿರಿಯರಿಗೆ, ಬಂದ ನೆಂಟರಿಗೆ ನಡೆಯಲು ಜಾಗವಾಗುತ್ತದೆ. ನೋಡಿಕೊಳ್ಳುವ ಊರವರಿಗೆ ಕೆಲಸವೂ ಸಿಗುತ್ತದೆ.

ನಿಮ್ಮ ಊರಿನ ಅಥವಾ ನಿಮ್ಮ ಅಜ್ಜಿಮನೆಯ ಗ್ರಾಮನಕಾಶೆ ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ಎರಡನ್ನೂ ಇಟ್ಟುಕೊಂಡು ದಾರಿಯ ಗೆರೆ ಹುಡುಕಿ. ಅದು ಈಗ ತೋಟದೊಳಗೆ ಹಾದಿದ್ದರೆ ತೋಟದವರನ್ನು ಕೇಳಿಯೇ ಹೋಗಿ. ಮೀಸಲು ಅರಣ್ಯಕ್ಕೆ ತಾಗಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಹಳ್ಳ ದಾಟುವ ಕಡೆ ಸಂಕವೋ ಸೇತುವೆಯೋ ಇದೆಯೇ ಎಂದು ಊರಲ್ಲಿ ಕೇಳಿಕೊಳ್ಳಿ. ಇಲ್ಲ ಎಂದರೆ ಆ ದಾರಿಯನ್ನು ನೀರು ಇಳಿಯುವ ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಿ.